ಒಲಿಂಪಸ್ಸಿನ ದಂಪತಿಗಳು: ಒಂದು ಹಳೆಯ ವಿವಾದದ ಸಮೀಕ್ಷೆ

ಗ್ರೀಕರ ದೇವಮಂಡಲದಲ್ಲಿ ವಿವಾಹಕ್ಕೆ ಅಧಿದೇವತೆಯೆನಿಸಿಕೊಂಡವಳು ಹೇರಾ. ಅವಳ ಪತಿ ದೇವರಾಜನಾದ ಝ್ಯೂಸ್. ದಾಂಪತ್ಯಧರ್ಮಕ್ಕೆ ದೇವಲೋಕದಲ್ಲಿ ಒಂದು ಮೇಲ್ಪಂಕ್ತಿಯನ್ನು ಹುಡುಕುವವರು ಸಹಜವಾಗಿಯೇ ಈ ಇಬ್ಬರ ಕಡೆಗೆ ತಿರುಗಬೇಕು. ಆದರೆ ತಿರುಗಿ ನೋಡಿದವರಿಗೆ ಕವಿಗಳು ತೋರಿಸುವುದು ಕಲಹದ ಮನೆಯನ್ನು. ಇಲಿಯಡ್ ಮಹಾಕಾವ್ಯದ ಮೊದಲ ಸರ್ಗದಲ್ಲಿಯೇ, ತುಂಬಿದ ದೇವಸಭೆಯ ನಡುವೆ ಮಾತಿಗೆ ಮಾತು ಬೆಳೆದು, ಝ್ಯೂಸನು ಪತ್ನಿಯ ಮೇಲೆ ಕೈಮಾಡುವೆನೆಂದು ಗದರಿಸುತ್ತಾನೆ. ಕುಂಟನಾದ ಮಗ ಹೆಫೈಸ್ಟಸನು ಪಾನಪಾತ್ರೆಯನ್ನು ಹಿಡಿದು ಅಲ್ಲಿಂದಿಲ್ಲಿಗೆ ಓಡಾಡಿ, ತಾಯಿಯನ್ನು ಸಂತೈಸಿ, ದೇವತೆಗಳನ್ನು ನಗಿಸಿದ ಮೇಲೆಯೇ ಔತಣ ಮುಂದುವರಿಯುವುದು. ಹದಿನೈದನೆಯ ಸರ್ಗದಲ್ಲಿ ಇದಕ್ಕಿಂತಲೂ ಕ್ರೂರವಾದ ನೆನಪೊಂದು ಹೊರಬೀಳುತ್ತದೆ: ಹೆರಾಕ್ಲಿಸನನ್ನು ಕಾಡಿದ ತಪ್ಪಿಗಾಗಿ ಹೇರಾಳ ಕೈಗಳಿಗೆ ಚಿನ್ನದ ಸಂಕೋಲೆ ತೊಡಿಸಿ, ಕಾಲುಗಳಿಗೆ ಎರಡು ಅಡಿಗಲ್ಲುಗಳನ್ನು ಕಟ್ಟಿ, ಮೋಡಗಳ ನಡುವೆ ಅವಳನ್ನು ತೂಗುಬಿಟ್ಟಿದ್ದನೆಂದು ಪತಿಯೇ ಹೇಳಿಕೊಳ್ಳುತ್ತಾನೆ.

ಇದೇ ಗ್ರೀಕರು ಮಗಳ ಮದುವೆಯ ಹೊತ್ತಿನಲ್ಲಿ ವಿವಾಹವನ್ನು ಪೂರ್ಣಗೊಳಿಸುವವರೆಂದು ಝ್ಯೂಸ್-ಹೇರಾರನ್ನು ಪೂಜಿಸುತ್ತಿದ್ದರು. ಅಥೆನ್ಸಿನವರು ಗಮೇಲಿಯಾನ್ ಎಂಬ ಮಾಸದಲ್ಲಿ, ಎಂದರೆ ಮದುವೆಯ ಹೆಸರನ್ನೇ ಹೊತ್ತ ಚಳಿಗಾಲದ ತಿಂಗಳಿನಲ್ಲಿ, ಈ ದೇವದಂಪತಿಗಳ ಕಲ್ಯಾಣವನ್ನು ಆಚರಿಸುತ್ತಿದ್ದರು. ಈಸ್ಕಿಲಸನ ನಾಟಕದಲ್ಲಿ ಅಪೊಲೊ ದೇವನು, ಗಂಡನ ಕೊಲೆಯನ್ನು ಲಘುವಾಗಿ ಕಾಣುವವರು ಝ್ಯೂಸ್-ಹೇರಾರ ವಿವಾಹಪ್ರತಿಜ್ಞೆಯನ್ನೇ ಅವಮಾನಿಸಿದಂತೆ ಎಂದು ವಾದಿಸುತ್ತಾನೆ. ಯಾರ ಪ್ರತಿಜ್ಞೆ ದಿನಬೆಳಗಾದರೆ ಭಂಗವಾಗುತ್ತಿದ್ದಿತೋ ಅವರೇ ಪ್ರತಿಜ್ಞೆಗೆ ಸಾಕ್ಷಿಗಳಾದುದು ಹೇಗೆ? ಈ ಪ್ರಶ್ನೆಗೆ ಎರಡೂವರೆ ಸಾವಿರ ವರ್ಷಗಳಲ್ಲಿ ಬಂದ ಉತ್ತರಗಳು ಹಲವು. ಒಂದೊಂದು ಪಂಥವೂ ಒಂದೊಂದು ಬಗೆಯ ಸಾಕ್ಷ್ಯವನ್ನು ಕೈಗೆತ್ತಿಕೊಂಡು ಉಳಿದವನ್ನು ಬದಿಗೆ ಸರಿಸಿದುದೇ ಈ ಭಿನ್ನಾಭಿಪ್ರಾಯದ ಮೂಲವೆಂದು ನನಗೆ ತೋರುತ್ತದೆ.

ಪ್ರಾಚೀನರ ಆಕ್ಷೇಪ, ಪ್ರಾಚೀನರ ಸಮಾಧಾನ

ಮೊದಲು ಆಕ್ಷೇಪವೆತ್ತಿದವರು ಗ್ರೀಕರೇ. ಕ್ರಿ. ಪೂ. ಆರನೆಯ ಶತಮಾನದಲ್ಲಿ ಹುಟ್ಟಿದ ಕ್ಸೆನೊಫನೀಸನು, ಮನುಷ್ಯರಿಗೆ ನಾಚಿಕೆ ತರುವ ಕಳವು, ವ್ಯಭಿಚಾರ, ವಂಚನೆಗಳೆಲ್ಲವನ್ನೂ ಹೋಮರ ಹೆಸಿಯಡರು ದೇವತೆಗಳ ತಲೆಗೆ ಕಟ್ಟಿದರೆಂದು ದೂರಿದನು. ಪ್ಲೇಟೋ ತನ್ನ ಆದರ್ಶರಾಜ್ಯದ ಬಾಲಕರ ಕಿವಿಗೆ ಬೀಳಬಾರದ ಕಥೆಗಳನ್ನು ಎಣಿಸುವಾಗ, ಐಡಾ ಪರ್ವತದ ಮೇಲೆ ಹೇರಾಳ ರೂಪಕ್ಕೆ ಮರುಳಾದ ಝ್ಯೂಸನು ಅರಮನೆಗೆ ಹೋಗುವಷ್ಟು ತಾಳ್ಮೆಯೂ ಇಲ್ಲದೆ ನೆಲದ ಮೇಲೆಯೇ ಅವಳನ್ನು ಕೂಡಿದ ಪ್ರಸಂಗವನ್ನು ಮರೆಯದೆ ಸೇರಿಸಿದನು.

ಆಕ್ಷೇಪವಿದ್ದ ಕಡೆ ಸಮಾಧಾನವೂ ಹುಟ್ಟಿತು. ದೇವತೆಗಳ ಕಾಳಗವೆಂದರೆ ಪಂಚಭೂತಗಳ ಸಂಘರ್ಷವೆಂಬ ರೂಪಕಾರ್ಥವನ್ನು ರೇಜಿಯಮ್ಮಿನ ಥಿಯಾಜಿನೀಸನು ಅದೇ ಆರನೆಯ ಶತಮಾನದಲ್ಲಿ ಆರಂಭಿಸಿದನು. ಸ್ಟೋಯಿಕ್ ದಾರ್ಶನಿಕರ ಕೈಯಲ್ಲಿ ಇದು ಒಂದು ಶಾಸ್ತ್ರವೇ ಆಗಿ ಬೆಳೆಯಿತು: ಝ್ಯೂಸನು ಮೇಲಣ ತೇಜೋಮಯವಾದ ಆಕಾಶ, ಹೇರಾ ಅದರ ಕೆಳಗಿನ ವಾಯು, ಅವಳ ಕಾಲಿಗೆ ಕಟ್ಟಿದ ಅಡಿಗಲ್ಲುಗಳೆರಡು ಭೂಮಿ ಮತ್ತು ಜಲ. ಸೇಮಾಸ್ ದ್ವೀಪದಲ್ಲಿದ್ದ, ಸಭ್ಯರು ವರ್ಣಿಸಲಾಗದ ಝ್ಯೂಸ್-ಹೇರಾರ ಚಿತ್ರವೊಂದಕ್ಕೆ ಅದೇ ಪಂಥದ ಕ್ರಿಸಿಪ್ಪಸನು, ಪ್ರಕೃತಿಯು ಪುರುಷನಿಂದ ಸೃಷ್ಟಿಬೀಜಗಳನ್ನು ಸ್ವೀಕರಿಸುತ್ತಿರುವುದೆಂದು ತತ್ತ್ವಾರ್ಥ ಹೇಳಿದನಂತೆ. ಮುಂದೆ ಕ್ರೈಸ್ತ ಪಂಡಿತನಾದ ಓರಿಜನನು ಇದನ್ನು ಎತ್ತಿಕೊಂಡು ಪರಿಹಾಸ್ಯ ಮಾಡಿದುದರಲ್ಲಿ ಆಶ್ಚರ್ಯವಿಲ್ಲ. ಬುದ್ಧಿಚಾತುರ್ಯಕ್ಕೆ ಇವರಲ್ಲಿ ಕೊರತೆಯಿರಲಿಲ್ಲ. ಆದರೆ ಹಸುವನ್ನು ಬಲಿಯಿತ್ತು, ಮರದ ವಿಗ್ರಹಕ್ಕೆ ಸೀರೆ ನೇಯ್ದು ಉಡಿಸಿ, ಗರ್ಭಿಣಿಯಾದ ಮಗಳಿಗಾಗಿ ಹರಕೆ ಹೊತ್ತ ಹೆಂಗಸಿನ ಮನಸ್ಸಿನಲ್ಲಿದ್ದುದು ವಾಯುತತ್ತ್ವವೆಂದು ನಂಬುವುದು ಕಷ್ಟ.

ಆಕಾಶಪಿತನಿಗೆ ತಕ್ಕ ಪತ್ನಿ ಯಾರು?

ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಮ್ಯಾಕ್ಸ್ ಮುಲ್ಲರ್ ಮೊದಲಾದ ತೌಲನಿಕ ಭಾಷಾಶಾಸ್ತ್ರಜ್ಞರು ಝ್ಯೂಸನನ್ನು ವೇದದ ದ್ಯೌಃ ಎಂಬ ದೇವತೆಗೂ ರೋಮನರ ಜುಪಿಟರನಿಗೂ ದಾಯಾದಿಯೆಂದು ತೋರಿಸಿಕೊಟ್ಟರು. ಇದು ಇಂದಿಗೂ ಅಲುಗಾಡದ ಸಿದ್ಧಾಂತ. ಆದರೆ ಋಗ್ವೇದದಲ್ಲಿ ದ್ಯೌಃ ಎಂಬಾತನಿಗೆ ಪೃಥಿವಿಯೇ ಜೊತೆ. ಗ್ರೀಕರಲ್ಲಾದರೋ ಭೂದೇವಿಯಾದ ಗೈಯಾ ಝ್ಯೂಸನಿಗೆ ಅಜ್ಜಿಯಾಗಬೇಕು. ಹೇರಾ ಎಂಬ ಹೆಸರನ್ನು ಆಕಾಶಕ್ಕಾಗಲಿ ಭೂಮಿಗಾಗಲಿ ಒಪ್ಪವಾಗಿ ಹೊಂದಿಸಲು ಯಾರಿಂದಲೂ ಆಗಲಿಲ್ಲ. ಇದಕ್ಕೆ ಸರಿಯಾಗಿ, ಉತ್ತರದ ಎಪೈರಸ್ ಸೀಮೆಯ ಡೋಡೋನಾ ಕ್ಷೇತ್ರದಲ್ಲಿ, ಓಕ್ ಮರದ ಎಲೆಗಳ ಮರ್ಮರದಲ್ಲಿ ಝ್ಯೂಸನು ನುಡಿಯುತ್ತಿದ್ದನೆಂದು ಪ್ರತೀತಿಯಿದ್ದಲ್ಲಿ, ಅವನ ಮಗ್ಗುಲಲ್ಲಿ ಪೂಜೆಗೊಳ್ಳುತ್ತಿದ್ದವಳು ಡಿಯೋನಿ. ಅವಳ ಹೆಸರು ಝ್ಯೂಸನ ಹೆಸರಿನದೇ ಸ್ತ್ರೀರೂಪ. ಇಲಿಯಡ್ಡಿನಲ್ಲಿ ಅವಳು ಆಫ್ರೊಡೈಟಿಯ ತಾಯಿಯಾಗಿ ಒಮ್ಮೆ ಮುಖ ತೋರಿಸಿ ಮರೆಯಾಗುತ್ತಾಳೆ. ಹಾಗಾದರೆ ಮೊದಲ ಹೆಂಡತಿ ಡಿಯೋನಿಯೋ, ಹೇರಾ ಆಮೇಲೆ ಬಂದವಳೋ ಎಂಬ ಅನುಮಾನಕ್ಕೆ ಇಲ್ಲಿಂದ ಬೇರೂರಿತು.

ಸೆರೆಸಿಕ್ಕಿದ ರಾಣಿ

ಈ ಅನುಮಾನಕ್ಕೆ ಒಂದು ಭವ್ಯವಾದ ಇತಿಹಾಸವನ್ನು ಕಟ್ಟಿಕೊಟ್ಟವರು ಮಾತೃಪ್ರಾಧಾನ್ಯವಾದಿಗಳು. 1861ರಲ್ಲಿ ಸ್ವಿಸ್ ವಿದ್ವಾಂಸ ಬಾಖೋಫೆನನು, ತಂದೆಯ ಅಧಿಕಾರಕ್ಕೆ ಹಿಂದೆ ತಾಯಿಯ ಅಧಿಕಾರವೊಂದಿತ್ತೆಂದು ಸಾರಿದನು. ಕೇಂಬ್ರಿಜ್‌ನ ಜೇನ್ ಹ್ಯಾರಿಸನ್ 1903ರಲ್ಲಿ ಪ್ರಕಟಿಸಿದ ಗ್ರೀಕ್ ಧರ್ಮದ ಅಧ್ಯಯನದಲ್ಲಿ ಈ ವಿಚಾರ ಹೇರಾಳಿಗೆ ಅನ್ವಯವಾಯಿತು. ಹೇರಾ ಆ ನೆಲದ ಮೂಲನಿವಾಸಿಗಳ ಸ್ವತಂತ್ರ ರಾಣಿ. ಉತ್ತರದಿಂದ ದಂಡೆತ್ತಿ ಬಂದವರ ದೇವರು ಅವಳನ್ನು ಬಲವಂತದಿಂದ ಕೈಹಿಡಿದನು. ಒಲಿಂಪಸ್ಸಿನ ಜಗಳವೆಲ್ಲ ಮಣಿಯದ ಆ ರಾಣಿಯ ಪ್ರತಿಭಟನೆ. ಝ್ಯೂಸ್ ದೇವನನ್ನೇ ಕುರಿತು ಮೂರು ಬೃಹತ್ಸಂಪುಟಗಳನ್ನು ಬರೆದ ಎ. ಬಿ. ಕುಕ್ ಅವರೂ ಈ ಇಬ್ಬರು ಆದಿಯಲ್ಲಿ ಜೋಡಿಯಾಗಿರಲಿಲ್ಲವೆಂದೇ ಅಭಿಪ್ರಾಯಪಟ್ಟರು. 1955ರ ವೇಳೆಗೆ ಕವಿ ರಾಬರ್ಟ್ ಗ್ರೇವ್ಸ್ ಬರೆದ ಪುರಾಣಸಂಗ್ರಹದ ಮೂಲಕ ಈ ವಾದ ಸಾಮಾನ್ಯ ವಾಚಕರ ಮನೆಮಾತಾಯಿತು.

ವಾದಕ್ಕೆ ಆಧಾರಗಳಿಲ್ಲದೆ ಇಲ್ಲ. ಒಲಿಂಪಿಯಾದಲ್ಲಿ ಹೇರಾಳ ಗುಡಿ ಎದ್ದುದು ಕ್ರಿ. ಪೂ. 600ರ ಸುಮಾರಿಗೆ, ಝ್ಯೂಸನ ಮಹಾದೇವಾಲಯ ಮುಗಿದುದು 457ರ ಹೊತ್ತಿಗೆ. ಆರ್ಗಾಸ್ ಸೇಮಾಸ್‌ಗಳಲ್ಲಿ ಒಡೆತನವೆಲ್ಲ ಹೇರಾಳದೇ. ಆರ್ಗಾಸಿನಲ್ಲಿ ಅವಳ ಪೂಜಾರಿಣಿಯರ ಅಧಿಕಾರಾವಧಿಯಿಂದಲೇ ಕಾಲಗಣನೆ ನಡೆಯುತ್ತಿತ್ತು. ಥುಸಿಡಿಡೀಸನು ಪೆಲೊಪೊನೀಸಿಯನ್ ಯುದ್ಧದ ಆರಂಭವನ್ನು ಗುರುತಿಸಲು ಕ್ರೈಸಿಸ್ ಎಂಬ ಪೂಜಾರಿಣಿಯ ನಲವತ್ತೆಂಟನೆಯ ವರ್ಷವನ್ನು ಹೇಳುತ್ತಾನೆ. (ಪಾಪ, ಆ ವೃದ್ಧೆ ಕ್ರಿ. ಪೂ. 423ರಲ್ಲಿ ಮಾಲೆಗಳ ಬಳಿ ದೀಪವಿಟ್ಟು ನಿದ್ದೆಹೋಗಿ, ದೇವಾಲಯವೇ ಸುಟ್ಟುಹೋಗಲು ಕಾರಣಳಾಗಿ, ರಾತ್ರೋರಾತ್ರಿ ಊರು ಬಿಟ್ಟಳು.) ಹೆಸಿಯಡನ ಪಟ್ಟಿಯಲ್ಲಿ ಹೇರಾ ಝ್ಯೂಸನ ಏಳನೆಯ ಪತ್ನಿ. ಹೆಫೈಸ್ಟಸನನ್ನು ಅವಳು ಗಂಡನ ಸಂಗವಿಲ್ಲದೆಯೇ ಹೆತ್ತಳೆಂದೂ ಅವನೇ ಹೇಳುತ್ತಾನೆ.

ಇಷ್ಟೆಲ್ಲ ಇದ್ದರೂ ಈ ವಾದ ನೋಡಲು ಸುಂದರ, ಒರೆಗಿಟ್ಟರೆ ದುರ್ಬಲ. ಒಲಿಂಪಿಯಾದ ಗುಡಿಯನ್ನೇ ನೋಡೋಣ. ಕ್ರಿ. ಶ. ಎರಡನೆಯ ಶತಮಾನದಲ್ಲಿ ಅದರ ಒಳಹೊಕ್ಕ ಪ್ರವಾಸಿ ಪಾಸೇನಿಯಸನು ಕಂಡದ್ದು ಸಿಂಹಾಸನದ ಮೇಲೆ ಕುಳಿತ ಹೇರಾಳನ್ನೂ, ಅವಳ ಪಕ್ಕದಲ್ಲಿ ಶಿರಸ್ತ್ರಾಣ ತೊಟ್ಟು ನಿಂತ ಗಡ್ಡದ ದೇವರನ್ನೂ; ಎಂದರೆ ಗುಡಿಯೊಳಗೆ ಇದ್ದವರು ದಂಪತಿಗಳೇ. ಝ್ಯೂಸನಿಗೆ ಅಲ್ಲಿ ದೇವಾಲಯ ತಡವಾಗಿ ಬಂದಿರಬಹುದು. ಆದರೆ ಗ್ರೀಕರ ಪೂಜೆಗೆ ಬೇಕಾದುದು ಯಜ್ಞವೇದಿಕೆ, ಛಾವಣಿಯಲ್ಲ. ಬಲಿಯ ಬೂದಿಯೇ ರಾಶಿಯಾಗಿ ಬೆಳೆದ ಝ್ಯೂಸನ ವೇದಿಕೆ ಅಲ್ಲಿ ಗುಡಿಗಳಿಗಿಂತ ಎಷ್ಟೋ ಹಳೆಯದು. ಕಟ್ಟಡಗಳ ವಯಸ್ಸಿನಿಂದ ದೇವತೆಗಳ ವಯಸ್ಸನ್ನು ಲೆಕ್ಕಹಾಕಿದುದೇ ಇಲ್ಲಿಯ ಪ್ರಮಾದ.

ಪೈಲಾಸಿನ ಮಣ್ಣುಹಲಗೆ

1952ರಲ್ಲಿ ಮೈಕೆಲ್ ವೆಂಟ್ರಿಸ್ ಎಂಬ ತರುಣ ವಾಸ್ತುಶಿಲ್ಪಿ ಲೀನಿಯರ್ ಬಿ ಲಿಪಿಯ ಗಂಟನ್ನು ಬಿಡಿಸಿ, ಅದರ ಭಾಷೆ ಗ್ರೀಕೇ ಎಂದು ತೋರಿಸಿದ ಮೇಲೆ, ವಾದದ ಮುಖ ಇನ್ನೊಮ್ಮೆ ತಿರುಗಿತು. ಪೈಲಾಸಿನ ಅರಮನೆ ಕ್ರಿ. ಪೂ. 1200ರ ಆಚೀಚೆಗೆ ಬೆಂಕಿಗೆ ತುತ್ತಾದಾಗ, ಕರಣಿಕರು ಆ ಲಿಪಿಯಲ್ಲಿ ಬರೆದ ಹಸಿಮಣ್ಣಿನ ಹಲಗೆಗಳು ಆ ಬೆಂಕಿಯಲ್ಲಿಯೇ ಬೆಂದು ಗಟ್ಟಿಯಾಗಿ ಉಳಿದುವು. ಅವುಗಳ ಪೈಕಿ ಅವಸರದ ಕೈಯಿಂದ ಗೀಚಿದ ಒಂದರಲ್ಲಿ ದೇವತೆಗಳಿಗೆ ಸಂದ ಕಾಣಿಕೆಗಳ ಪಟ್ಟಿಯಿದೆ: ಝ್ಯೂಸನಿಗೆ ಒಂದು ಚಿನ್ನದ ಬಟ್ಟಲು, ಒಬ್ಬ ಪುರುಷ, ಹೇರಾಳಿಗೆ ಒಂದು ಚಿನ್ನದ ಬಟ್ಟಲು, ಒಬ್ಬ ಸ್ತ್ರೀ, ಅವರ ಬೆನ್ನಿಗೇ ಡ್ರಿಮಿಯಸ್ ಎಂಬವನಿಗೆ ಒಂದು ಬಟ್ಟಲು. ಆ ಪುರುಷನೂ ಸ್ತ್ರೀಯೂ ಬಲಿಗೆಂದು ಬಂದವರೋ, ಗುಡಿಯ ಊಳಿಗಕ್ಕೆಂದು ಬಂದವರೋ, ಬಟ್ಟಲು ಹೊತ್ತು ನಡೆದವರೋ ಎಂಬ ಚರ್ಚೆ ಬೇರೆಯೇ ಇದೆ. ನಮ್ಮ ವಿಷಯಕ್ಕೆ ಮುಖ್ಯವಾದುದು ಇಷ್ಟು: ಹೋಮರನಿಗಿಂತ ನಾನೂರು ಐನೂರು ವರ್ಷ ಮೊದಲೇ ಝ್ಯೂಸನ ಗುಡಿಯಲ್ಲಿ ಹೇರಾ ಪೂಜೆಗೊಳ್ಳುತ್ತಿದ್ದಳು.

ಆದರೆ ಅದೇ ಹಲಗೆ ಒಂದು ಗಂಟನ್ನು ಬಿಚ್ಚಿ ಎರಡನ್ನು ಹಾಕಿತು. ಡ್ರಿಮಿಯಸನನ್ನು ಅದು ಝ್ಯೂಸನ ಮಗನೆಂದು ಕರೆಯುವಂತಿದೆ. ಮುಂದಿನ ಗ್ರೀಕ್ ಪುರಾಣದಲ್ಲಿ ಆ ಹೆಸರಿನ ಮಗನ ಸುಳಿವೇ ಇಲ್ಲ. ಅಲ್ಲದೆ ಡಿವಿಯಾ ಎಂಬೊಬ್ಬಳು, ಡಿಯೋನಿಯ ಹಾಗೆಯೇ ಝ್ಯೂಸನ ಹೆಸರಿನ ಸ್ತ್ರೀರೂಪವನ್ನು ಧರಿಸಿದವಳು, ಅದೇ ಪಟ್ಟಿಯಲ್ಲಿ ತನ್ನ ಕಾಣಿಕೆಯನ್ನು ಬೇರೆಯಾಗಿ ಪಡೆದು ನಿಂತಿದ್ದಾಳೆ. ಸವತಿಯ ಸಮಸ್ಯೆ ಕವಿಗಳಿಗಿಂತ ಮೊದಲೇ ಕರಣಿಕರ ಲೆಕ್ಕಪತ್ರದಲ್ಲಿ ಸೇರಿಕೊಂಡಿತ್ತೆಂದು ನಗುತ್ತ ಹೇಳಬಹುದು.

ಕಲ್ಯಾಣೋತ್ಸವದ ಸಾಕ್ಷ್ಯ

ಕಥೆಯನ್ನು ಬಿಟ್ಟು ಆಚರಣೆಯನ್ನು ನೋಡಬೇಕೆಂದವರು ಇನ್ನೊಂದು ಪಂಥದವರು. ಐಡಾ ಪರ್ವತದ ಮೇಲೆ ಝ್ಯೂಸ್-ಹೇರಾರು ಕೂಡಿದಾಗ ನೆಲವು ಹಸಿಹುಲ್ಲನ್ನೂ ಹೂಗಳನ್ನೂ ಚಿಮ್ಮಿಸಿತೆಂದು ಹೋಮರನು ಹೇಳುವುದನ್ನು ಹಿಡಿದು, ಮಾನ್‌ಹಾರ್ಟ್ ಮತ್ತು ಫ್ರೇಜರರ ದಾರಿಯಲ್ಲಿ ನಡೆದವರು, ಇದು ಮಳೆಬೆಳೆಗಳಿಗಾಗಿ ನಡೆಯುತ್ತಿದ್ದ ಪವಿತ್ರವಿವಾಹದ ನೆನಪೆಂದರು. ವರ್ಷವರ್ಷವೂ ದೇವರಿಗೆ ಕಲ್ಯಾಣೋತ್ಸವ ಮಾಡಿ ಅಕ್ಷತೆ ಹಾಕಿ ಬರುವ ನಮ್ಮವರಿಗೆ, ಒಮ್ಮೆ ಮದುವೆಯಾದ ದೇವರಿಗೆ ಮತ್ತೆ ಮದುವೆಯೇಕೆಂಬ ಶಂಕೆ ಬಾರದು. ಪಾಶ್ಚಾತ್ಯ ಪಂಡಿತರಿಗೆ ಅದು ಬಹಳ ಕಾಲ ತೊಡಕಾಗಿತ್ತು.

ಈ ಆಚರಣೆಗಳಲ್ಲಿ ಅತ್ಯಂತ ವಿಚಿತ್ರವಾದುದು ಬಿಯೋಷಿಯಾದ ಪ್ಲೇಟಿಯಾ ಊರಿನ ಡೈಡಲಾ ಹಬ್ಬ. ಪಾಸೇನಿಯಸನ ವರದಿಯಂತೆ, ಓಕ್ ಮರಗಳ ತೋಪಿನಲ್ಲಿ ಬೇಯಿಸಿದ ಮಾಂಸದ ತುಂಡುಗಳನ್ನಿಟ್ಟು ಊರವರು ಕಾದು ಕುಳಿತಿರುವರು. ಮಾಂಸವನ್ನು ಕಚ್ಚಿಕೊಂಡ ಕಾಗೆ ಯಾವ ಮರದ ಮೇಲೆ ಹೋಗಿ ಕೂರುವುದೋ ಆ ಮರವನ್ನು ಕಡಿದು ಬೊಂಬೆ ಮಾಡುವರು. ಸುಮಾರು ಅರುವತ್ತು ವರ್ಷಗಳಿಗೊಮ್ಮೆ ಬರುವ ದೊಡ್ಡ ಹಬ್ಬದಲ್ಲಿ ಇಂಥ ಹದಿನಾಲ್ಕು ಬೊಂಬೆಗಳು ಸೇರುವುವು. ಬೊಂಬೆಯನ್ನು ವಧುವಿನಂತೆ ಸಿಂಗರಿಸಿ, ಬಂಡಿಯಲ್ಲಿ ಕುಳ್ಳಿರಿಸಿ, ಕಳಸಗಿತ್ತಿಯಾಗಿ ಒಬ್ಬ ಹೆಂಗಸನ್ನು ಪಕ್ಕದಲ್ಲಿ ನಿಲ್ಲಿಸಿ, ಅಸೋಪಸ್ ನದಿಯಿಂದ ಸಿಥೈರಾನ್ ಬೆಟ್ಟದ ನೆತ್ತಿಗೆ ದಿಬ್ಬಣ ಹೊರಡುವುದು. ಅಲ್ಲಿ ಮರದ ದಿಮ್ಮಿಗಳಿಂದಲೇ ಕಟ್ಟಿದ ವೇದಿಕೆಯ ಮೇಲೆ ಹೇರಾಳಿಗೆ ಹಸು, ಝ್ಯೂಸನಿಗೆ ಹೋರಿ. ಬಳಿಕ ಬಲಿ, ಬೊಂಬೆ, ವೇದಿಕೆ ಎಲ್ಲವೂ ಬೆಂಕಿಗೆ. ಅಷ್ಟು ಎತ್ತರಕ್ಕೆ ಎದ್ದು ಅಷ್ಟು ದೂರಕ್ಕೆ ಕಾಣುವ ಜ್ವಾಲೆ ಬೇರೊಂದನ್ನು ತಾನು ಅರಿಯೆನೆನ್ನುತ್ತಾನೆ ಆ ಪ್ರವಾಸಿ.

ಇದಕ್ಕೆ ಊರವರು ಹೇಳುತ್ತಿದ್ದ ಸ್ಥಳಪುರಾಣ ಹೀಗೆ: ಹೇರಾ ಗಂಡನ ಮೇಲೆ ಮುನಿದು ಯುಬೀಯಾ ದ್ವೀಪಕ್ಕೆ ಹೊರಟುಹೋದಳು, ಎಷ್ಟು ಕರೆದರೂ ಬರಲೊಲ್ಲಳು. ಸಿಥೈರಾನ್ ಎಂಬ ಪ್ಲೇಟಿಯಾದ ಜಾಣ ಅರಸನ ಸಲಹೆಯಂತೆ ಝ್ಯೂಸನು ಮರದ ಬೊಂಬೆಗೆ ಮುಸುಕು ಹೊದಿಸಿ ಬಂಡಿಯಲ್ಲಿಟ್ಟು, ತಾನು ಹೊಸ ಮದುವೆಯಾಗುತ್ತಿರುವೆನೆಂದು ಸುದ್ದಿ ಹಬ್ಬಿಸಿದನು. ಸುದ್ದಿ ಕೇಳಿ ಓಡಿಬಂದ ಹೇರಾ ವಧುವಿನ ಉಡುಗೆಯನ್ನು ಹರಿದೆಸೆದಳು. ಒಳಗೆ ಕಂಡದ್ದು ಬರಿಯ ಮರ. ಕೋಪ ನಗೆಯಾಗಿ ರಾಜಿಯಾಯಿತು.

ಫಲಸಮೃದ್ಧಿಯ ಸಿದ್ಧಾಂತ ಇಲ್ಲಿ ಮದುವೆಯ ದಿಬ್ಬಣವನ್ನೇನೋ ವಿವರಿಸೀತು. ಆದರೆ ಮುನಿಸನ್ನು ವಿವರಿಸಲಾರದು. ಇದು ಪ್ಲೇಟಿಯಾಕ್ಕೆ ಮಾತ್ರ ಸೇರಿದ ಮಾತಲ್ಲ. ಆರ್ಕೇಡಿಯಾದ ಸ್ಟಿಂಫಾಲಸಿನಲ್ಲಿ ಹೇರಾಳಿಗೆ ಮೂರು ಗುಡಿಗಳಿದ್ದುವು: ಬಾಲೆಯಾಗಿ ಒಂದು, ವಿವಾಹದಿಂದ ಪೂರ್ಣಳಾದವಳಾಗಿ ಒಂದು, ಗಂಡನೊಡನೆ ಜಗಳವಾಡಿ ತವರಿಗೆ ಬಂದ ‘ವಿಧವೆ’ಯಾಗಿ ಇನ್ನೊಂದು. ನಾಪ್ಲಿಯಾದ ಬಳಿಯ ಕೆನಾಥಸ್ ಚಿಲುಮೆಯಲ್ಲಿ ಮಿಂದು ಅವಳು ವರ್ಷಕ್ಕೊಮ್ಮೆ ಮತ್ತೆ ಕನ್ಯೆಯಾಗುತ್ತಾಳೆಂದು ಆರ್ಗಾಸಿನವರ ನಂಬಿಕೆ. ಕಾರ್ಲ್ ಕೆರೆನ್ಯಿ 1972ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವನ್ನು ಸ್ತ್ರೀಜೀವನದ ಮೂರು ಅವಸ್ಥೆಗಳೆಂದು ಓದಿದರು. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಬೇರೆ ಸಂಗತಿ: ಅಗಲುವುದೂ ಮರಳುವುದೂ ಪೂಜಾವಿಧಿಯ ಒಳಗೇ ಹೆಣೆದುಕೊಂಡಿವೆ. ಜಗಳವನ್ನು ಕವಿಗಳು ಮನೋರಂಜನೆಗಾಗಿ ಹುಟ್ಟಿಸಿದರೆಂಬ ಹಳೆಯ ಆಪಾದನೆ ಇದರಿಂದ ಬಿದ್ದುಹೋಗುತ್ತದೆ.

ಶಿಲ್ಪಿಗಳಾದರೋ ಮರಳುವ ಕ್ಷಣವನ್ನೇ ಆರಿಸಿಕೊಂಡರು. ಸಿಸಿಲಿಯ ಸೆಲಿನಸ್ಸಿನಲ್ಲಿ ಕ್ರಿ. ಪೂ. 460ರ ಸುಮಾರಿಗೆ ಕೆತ್ತಿದ, ಈಗ ಪಲೆರ್ಮೋ ವಸ್ತುಸಂಗ್ರಹಾಲಯದಲ್ಲಿರುವ ಫಲಕದಲ್ಲಿ ಝ್ಯೂಸನು ಬಂಡೆಯ ಮೇಲೆ ಒರಗಿ ಕುಳಿತು, ಮುಂದೆ ನಿಂತ ಹೇರಾಳ ಮಣಿಕಟ್ಟನ್ನು ಹಿಡಿದಿದ್ದಾನೆ. ಅವಳು ಮುಸುಕನ್ನು ಸರಿಸುತ್ತಿದ್ದಾಳೆ. ಫಲಕವೆಲ್ಲ ಸುಣ್ಣಕಲ್ಲು, ಅವಳ ಮುಖ, ಕೈ, ಪಾದಗಳಿಗೆ ಮಾತ್ರ ಅಮೃತಶಿಲೆಯನ್ನು ಕೂಡಿಸಿದ್ದಾರೆ. ಮೇಲೆ ನೋಡುತ್ತಿರುವ ಗಂಡನ ಕಣ್ಣಿನಲ್ಲಿ ದೇವರಾಜನ ಗತ್ತು ಎಳ್ಳಷ್ಟೂ ಇಲ್ಲ.

ರಾಜ್ಯಾಧಿಕಾರದ ಗುಟ್ಟು

ಮನೋವಿಜ್ಞಾನದ ಪಂಥವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಿ ಮುಂದೆ ಸಾಗಬಹುದು. ಅಮೆರಿಕದ ಫಿಲಿಪ್ ಸ್ಲೇಟರ್ 1968ರಲ್ಲಿ, ಮನೆಯೊಳಗೆ ಬಂದಿಯಾದ ಗ್ರೀಕ್ ತಾಯಿಯ ಸಿಟ್ಟು ಗಂಡುಮಕ್ಕಳ ಕಲ್ಪನೆಯಲ್ಲಿ ಹೇರಾ ಆಯಿತೆಂದು ವಾದಿಸಿದರು. ಅಥೆನ್ಸಿನ ಗೃಹಜೀವನದಿಂದ ಎಲ್ಲ ಗ್ರೀಕರ ದೇವತೆಯನ್ನು, ಅದೂ ಅಥೆನ್ಸಿಗಿಂತ ಆರ್ಗಾಸಿಗೆ ಹೆಚ್ಚು ಸಲ್ಲುವವಳನ್ನು, ವಿವರಿಸಹೊರಟುದು ಅದರ ದೌರ್ಬಲ್ಯ.

ಇದಕ್ಕಿಂತ ತೂಕವುಳ್ಳದು, ವಾಲ್ಟರ್ ಬುರ್ಕೆರ್ಟರ 1977ರ ಗ್ರೀಕ್ ಧರ್ಮದ ಗ್ರಂಥದಲ್ಲಿ ಸೂಚಿತವಾಗಿ, 2016ರಲ್ಲಿ ವಿನ್ಸಿಯನ್ ಪಿರೆನ್-ಡೆಲ್‌ಫೋರ್ಜ್ ಮತ್ತು ಗೇಬ್ರಿಯೆಲಾ ಪಿರೊಂಟಿ ಜೊತೆಯಾಗಿ ಬರೆದ ಪುಸ್ತಕದಲ್ಲಿ ಸಾಂಗವಾಗಿ ಬೆಳೆದ ದೃಷ್ಟಿ. ಹೇರಾ ಕೇವಲ ಪತ್ನಿಯಲ್ಲ. ಇಲಿಯಡ್ಡಿನ ನಾಲ್ಕನೆಯ ಸರ್ಗದಲ್ಲಿ ಅವಳೇ ಸಾರುವಂತೆ, ಝ್ಯೂಸನ ತಂದೆಯಾದ ಕ್ರೋನಸನದೇ ಸಂತಾನ, ಅವನ ಹೆಣ್ಣುಮಕ್ಕಳಲ್ಲಿ ಅಗ್ರಗಣ್ಯೆ. ಸಹೋದರಿಯನ್ನೇ ವರಿಸಿದುದರ ಅರ್ಥವಿದು: ದೇವರಾಜನಿಗೆ ಸಮಾನಳು ಬೇರೊಬ್ಬಳಿಲ್ಲ. ಮುಂದೆ ಈಜಿಪ್ಟಿನ ಎರಡನೆಯ ಟಾಲೆಮಿ ತನ್ನ ಸೋದರಿ ಆರ್ಸಿನೊಯಿಯನ್ನು ಮದುವೆಯಾದಾಗ ಆಸ್ಥಾನಕವಿ ಥಿಯೊಕ್ರಿಟಸನು ಈ ದೇವದಂಪತಿಗಳನ್ನೇ ಉದಾಹರಿಸಿದನು.

ಆದರೆ ಸಮಾನಳಾದ ಪತ್ನಿಯೇ ಈ ರಾಜ್ಯಕ್ಕೆ ಅಪಾಯ. ಯುರೇನಸನನ್ನು ಮಗ ಕ್ರೋನಸನು ಕೆಡವಿದನು. ಕ್ರೋನಸನನ್ನು ಮಗ ಝ್ಯೂಸನು ಕೆಡವಿದನು. ಎರಡು ಸಲವೂ ಮಗನಿಗೆ ಬೆಂಬಲವಾದವಳು ತಾಯಿ. ಈ ಸರಪಣಿ ಇಲ್ಲಿಗೆ ನಿಲ್ಲಬೇಕಾದರೆ ಝ್ಯೂಸನಿಗೆ ಧರ್ಮಪತ್ನಿಯಲ್ಲಿ ತನ್ನನ್ನು ಮೀರುವ ಮಗ ಹುಟ್ಟಕೂಡದು. ಹುಟ್ಟಿದವನು ಏರೀಸ್, ತಂದೆಯೇ ಹಗೆಯೆಂದು ಹಳಿಯುವ ಯುದ್ಧಪಿಪಾಸು. ಅಪೊಲೊ, ಹರ್ಮೀಸ್, ಡಯೊನೈಸಸ್, ಹೆರಾಕ್ಲಿಸ್, ಸಮರ್ಥರಾದ ಪುತ್ರರೆಲ್ಲ ಬೇರೆ ಹೆಂಗಸರ ಮಕ್ಕಳು. ಹೋಮರನ ಹೆಸರಿನಲ್ಲಿ ನಡೆದುಬಂದ ಅಪೊಲೊಸ್ತೋತ್ರದಲ್ಲಿ, ಅಥೀನಾ ಗಂಡನ ಶಿರಸ್ಸಿನಿಂದಲೇ ಹುಟ್ಟಿದಳೆಂದು ಕುಪಿತಳಾದ ಹೇರಾ ನೆಲವನ್ನು ಅಂಗೈಯಿಂದ ಬಡಿದು, ಕ್ರೋನಸನನ್ನು ಝ್ಯೂಸನು ಮೀರಿದಷ್ಟು ಝ್ಯೂಸನನ್ನು ಮೀರುವ ಮಗನನ್ನು ಬೇಡುತ್ತಾಳೆ. ವರ್ಷವಿಡೀ ಗಂಡನ ಶಯ್ಯೆಯಿಂದ ದೂರವಿದ್ದು ಟೈಫೇಯಾನ್ ಎಂಬ ಘೋರರೂಪಿಯನ್ನು ಹೆರುತ್ತಾಳೆ. ಮತ್ತೊಂದು ಕಡೆ ಅವಳೇ ಕಾವಲುಗಾರ್ತಿ: ತಂದೆಯನ್ನು ಮೀರುವ ಮಗನನ್ನು ಹೆರುವಳೆಂದು ಭವಿಷ್ಯವಿದ್ದ ಥೆಟಿಸಳನ್ನು ತಾನೇ ಸಾಕಿ ಮರ್ತ್ಯನಾದ ಪೀಲಿಯಸನಿಗೆ ಕೊಟ್ಟೆನೆಂದು ಇಲಿಯಡ್ಡಿನ ಕೊನೆಯ ಸರ್ಗದಲ್ಲಿ ಹೇಳಿಕೊಳ್ಳುತ್ತಾಳೆ. ಅವಳ ಹೆಸರಿನ ಕೀರ್ತಿಯನ್ನೇ ತನ್ನ ಹೆಸರಿನಲ್ಲಿ ಹೊತ್ತ ಹೆರಾಕ್ಲಿಸನು ಅವಳು ಒಡ್ಡಿದ ಕಷ್ಟಗಳನ್ನು ದಾಟಿಯೇ ದೇವಪದವಿಗೇರಿ, ಕಡೆಗೆ ಅವಳ ಮಗಳು ಹೀಬಿಯ ಕೈಹಿಡಿಯುತ್ತಾನೆ. ಹೊರಗಿನ ಮಗನು ಒಳಗೆ ಬರಬೇಕಾದರೆ ಹೊಸಲಲ್ಲಿ ನಿಂತ ಯಜಮಾನಿಯ ಪರೀಕ್ಷೆಯಲ್ಲಿ ಗೆಲ್ಲಬೇಕು. ಈ ದೃಷ್ಟಿಯಲ್ಲಿ ಹೇರಾಳ ಕೋಪ ಒಲಿಂಪಸ್ಸಿನ ಆಳ್ವಿಕೆಯದೇ ಒಂದು ಅಂಗ. ನಾನು ಬಲ್ಲ ವಿವರಣೆಗಳಲ್ಲಿ ಕಾವ್ಯವನ್ನೂ ಪೂಜೆಯನ್ನೂ ಏಕಕಾಲಕ್ಕೆ ಹಿಡಿದಿಡಲು ಶಕ್ತವಾದುದು ಇದೇ. ಆದರೆ ಒಂದು ಸಂದೇಹ ಉಳಿಯುತ್ತದೆ: ಇದು ಎಲ್ಲವನ್ನೂ ಒಂದು ವ್ಯವಸ್ಥೆಯೊಳಗೆ ತುಸು ಹೆಚ್ಚು ಅಚ್ಚುಕಟ್ಟಾಗಿ ಕೂರಿಸುತ್ತದೆ; ಸೇಮಾಸಿನ ಹೇರಾಳಿಗೂ ಪ್ಲೇಟಿಯಾದ ಹೇರಾಳಿಗೂ ನಡುವಣ ದೂರವನ್ನು ಕಡಮೆ ಮಾಡಿ ತೋರಿಸುತ್ತದೆ.

ಬಗೆಹರಿಯದೆ ಉಳಿದುವು

ಹೇರಾ ಎಂಬ ಹೆಸರಿನ ಮೂಲ ಇನ್ನೂ ನಿಶ್ಚಯವಾಗಿಲ್ಲ. ಋತುವಿನ ಅರ್ಥವುಳ್ಳ ಗ್ರೀಕ್ ಶಬ್ದದೊಡನೆ ಸಂಬಂಧ ಕಲ್ಪಿಸಿ, ವಿವಾಹಯೋಗ್ಯವಾದ ಪ್ರಾಯಕ್ಕೆ ಬಂದವಳೆಂದು ಹೇಳುವವರಿದ್ದಾರೆ; ಗ್ರೀಕರಿಗಿಂತ ಹಿಂದಿನ ಭಾಷೆಯದೆನ್ನುವವರೂ ಇದ್ದಾರೆ. ಪೈಲಾಸಿನ ಡ್ರಿಮಿಯಸನು ಹೇರಾಳ ಮಗನೋ, ಡಿವಿಯಾಳ ಮಗನೋ, ಮತ್ತಾರ ಮಗನೋ, ಡಿವಿಯಾಳೇ ಡಿಯೋನಿಯೋ, ಅವಳಿಂದ ಹೇರಾಳಿಗೆ ಪಟ್ಟ ಬಂದುದೋ, ಇಬ್ಬರೂ ಬೇರೆಬೇರೆ ಸೀಮೆಗಳಲ್ಲಿ ಆದಿಯಿಂದಲೂ ರಾಣಿಯರಾಗಿದ್ದರೋ, ಆ ಒಂದು ಹಲಗೆಯ ಮೇಲೆ ತೀರ್ಮಾನವಾಗುವಂತಿಲ್ಲ. ಒಲಿಂಪಿಯಾದಲ್ಲಿ ಹೇರಾಳದೆನ್ನುವ ಗುಡಿ ಕಟ್ಟಿದಂದಿನಿಂದ ಅವಳದೇ ಆಗಿತ್ತೋ, ಇಬ್ಬರದೂ ಆಗಿದ್ದು ಝ್ಯೂಸನು ಹೊಸ ಮನೆಗೆ ಹೋದ ಮೇಲೆ ಅವಳ ಪಾಲಿಗೆ ಉಳಿಯಿತೋ ಎಂಬುದರಲ್ಲಿ ಪುರಾತತ್ತ್ವಜ್ಞರು ಒಮ್ಮತಕ್ಕೆ ಬಂದಿಲ್ಲ. ಸಿಥೈರಾನ್ ಬೆಟ್ಟದ ಮೇಲೆ ಸುಟ್ಟ ಬೊಂಬೆಗಳು ಸೋತ ಸವತಿಯ ಪ್ರತಿರೂಪಗಳೋ, ಹಳೆಯ ದೇಹವನ್ನು ಕಳಚುತ್ತಿರುವ ಹೇರಾಳದೇ ರೂಪಗಳೋ ಎಂಬುದಕ್ಕೆ ಸ್ಥಳಪುರಾಣದ ಉತ್ತರ ಒಂದಾದರೆ ವಿಧಿಯ ಸ್ವರೂಪ ಸೂಚಿಸುವುದು ಇನ್ನೊಂದು.

ಎಲ್ಲಕ್ಕಿಂತ ದೊಡ್ಡ ಕೊರತೆ ಸಾಕ್ಷಿಗಳದು. ಒಲಿಂಪಿಯಾದಲ್ಲಿ ಹೇರಾಳಿಗಾಗಿ ಹದಿನಾರು ಮಂದಿ ಹೆಂಗಸರು ನಾಲ್ಕು ವರ್ಷಗಳಿಗೊಮ್ಮೆ ಉಡುಗೆ ನೇಯುತ್ತಿದ್ದರು, ಕನ್ಯೆಯರ ಓಟದ ಪಂದ್ಯವನ್ನು ನಡೆಸುತ್ತಿದ್ದರು. ಅವರು ಆ ದೇವಿಯ ದಾಂಪತ್ಯವನ್ನು ಕುರಿತು ಏನನ್ನು ಹಾಡಿದರು, ಮಗ್ಗದ ಮುಂದೆ ಏನನ್ನು ಹೇಳಿಕೊಂಡರು ಎಂಬುದನ್ನು ಯಾರೂ ಬರೆದಿಡಲಿಲ್ಲ. ಈ ಪ್ರಶ್ನೆಗೆ ಪ್ರಾಚೀನರಿಂದ ನಮಗೆ ದೊರೆತಿರುವ ಉತ್ತರಗಳೆಲ್ಲ ಹೆಚ್ಚುಕಡಮೆ ಗಂಡಸರ ಲೇಖನಿಯಿಂದ ಬಂದವು.